ಬೊಂಜೂರ್ ಅನ್ನದ ತಪ್ಪಿಗೆ

ಪ್ಯಾರಿಸ್ಸಿನ ಒಂದು ಅಂಗಡಿಯಲ್ಲಿ, ನನಗಿಂತ ಹತ್ತು ವರ್ಷವಾದರೂ ಚಿಕ್ಕವಳಿದ್ದ ಹುಡುಗಿಯೊಬ್ಬಳಿಗೆ ನಾನು "ಮ್ಯಾನೇಜರನ್ನ ಕರಿ" ಅಂದಿದ್ದೇನೆ. ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಅಂದಿದ್ದೇನೆ. ಅದೂ ಹೆಂಗಸರ ಒಂದು ಬ್ಯಾಗಿಗೋಸ್ಕರ. ಆ ಬ್ಯಾಗು ನನ್ನ ಹೆಂಡತಿಗೂ ಅಲ್ಲ, ಸ್ನೇಹಿತನ ಹೆಂಡತಿಗೆ. ಕಾರ್ಡಿನಲ್ಲಿದ್ದ ದುಡ್ಡೂ ನನ್ನದಲ್ಲ. ಗತ್ತು ಮಾತ್ರ ಪೂರ್ತಿ ನನ್ನದೇ.

ಇದನ್ನ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನಮ್ಮಕ್ಕನಿಗೊಬ್ಬಳಿಗೆ ಬಿಟ್ಟು.

2024ರ ಏಪ್ರಿಲ್. ಕ್ಲೈಂಟ್ ಆಫೀಸು ಪ್ಯಾರಿಸ್ಸಿನ ಲಾ ದೆಫಾನ್ಸ್‌ನಲ್ಲಿತ್ತು, ಮೂರು ತಿಂಗಳ ಆನ್‌ಸೈಟ್. ಊರಿಗೆ ಊರೇ ಒಲಿಂಪಿಕ್ಸ್‌ಗೆ ಅಂತ ಸುಣ್ಣಬಣ್ಣ ಹೊಡೆಸಿಕೊಳ್ಳುತ್ತಿತ್ತು. ಒಂದು ರಾತ್ರಿ ಇಂಜಿನಿಯರಿಂಗ್ ಹಾಸ್ಟೆಲ್ಲಿನ ನನ್ನ ರೂಮ್‌ಮೇಟ್ ಫೋನ್ ಮಾಡಿದ. ಹಾಸ್ಟೆಲ್ಲಿನಲ್ಲಿ ನನ್ನ ಜೊತೆ ಒಂದೇ ಬಕೆಟ್ ಹಂಚಿಕೊಂಡಿದ್ದವನು. ಈಗ ತನ್ನ ಸ್ಟಾರ್ಟಪ್ ಮಾರಿ ಆರಾಮಾಗಿದ್ದಾನೆ.

"ಮಗಾ, ಪ್ಯಾರಿಸ್ಸಲ್ಲಿದ್ದೀಯಂತೆ? ಒಂದು ಬ್ಯಾಗ್ ತರಬೇಕಲ್ಲ ಗುರೂ. ಹತ್ತನೇ ವೆಡ್ಡಿಂಗ್ ಆನಿವರ್ಸರಿ. ಅವಳಿಗೆ ಸರ್ಪ್ರೈಸು. ದುಡ್ಡು ಹಾಕ್ತೀನಿ. ಇಲ್ಲಿ ಏರ್‌ಪೋರ್ಟಲ್ಲಿ ಡ್ಯೂಟಿ ಕಟ್ಟು, ಅದನ್ನೂ ಕೊಡ್ತೀನಿ."

"ಎಷ್ಟಾಗುತ್ತೆ?"

"ಏಳು ಲಕ್ಷದ ಹತ್ತಿರ."

ನಾನು ಸುಮ್ಮನಾದೆ. ಏಳು ಲಕ್ಷಕ್ಕೆ ನಮ್ಮೂರಲ್ಲಿ ಅಪ್ಪ ಎರಡು ಬೋರ್‌ವೆಲ್ ಕೊರೆಸಿ, ಎರಡರಲ್ಲೂ ನೀರು ಬರದೆ, ಮೂರನೆಯದಕ್ಕೆ ಪಾಯಿಂಟ್ ನೋಡಿಸುತ್ತಿದ್ದ. ಆದರೆ ಹತ್ತು ಹನ್ನೆರಡು ವರ್ಷ ಬೆಂಗಳೂರಲ್ಲಿದ್ದವನಿಗೆ ಮುಖ ಮುಚ್ಚಿಕೊಳ್ಳೋದು ಗೊತ್ತಿರುತ್ತೆ. "ಅಷ್ಟೇನಾ, ಆಯ್ತು ಬಿಡು" ಅಂದೆ. ಮಾರನೇ ದಿನ ಅಕೌಂಟಿಗೆ ದುಡ್ಡು ಬಂತು.

ಅದು ಯಾವ ಅಂಗಡಿ ಅಂತ ಹೇಳಲ್ಲ. ತಪ್ಪು ನನ್ನದು, ಅವರ ಹೆಸರು ಯಾಕೆ? ಎಲ್ಲರೂ ಬಾಯಿಗೆ ಬಂದ ಕೂಡಲೇ ಹೇಳುವ ಎರ್ಮೆಸ್ ಅಂತೂ ಅಲ್ಲ. ಆದರೆ ಈ ಬ್ಯಾಗುಗಳ ಪ್ರಪಂಚ ಅರ್ಥ ಆಗಬೇಕಾದರೆ ಎರ್ಮೆಸ್‌ನಿಂದಲೇ ಶುರು ಮಾಡಬೇಕು. ನಾನೂ ಹಾಗೇ ಮಾಡಿದೆ. ಸಾಫ್ಟ್‌ವೇರಿನವನು ತಾನೇ, ಕೋಡ್ ಬರೆಯೋಕೆ ಮುಂಚೆ ಡಾಕ್ಯುಮೆಂಟೇಷನ್ ಓದೋ ಅಭ್ಯಾಸ.

ಎರ್ಮೆಸ್ ಅಂದರೆ 1837ರಲ್ಲಿ ತಿಯೆರಿ ಎರ್ಮೆಸ್ ಅನ್ನೋನು ಪ್ಯಾರಿಸ್ಸಿನಲ್ಲಿ ಶುರು ಮಾಡಿದ, ಕುದುರೆಗೆ ಕಟ್ಟುವ ಚರ್ಮದ ಸಾಮಾನಿನ ಅಂಗಡಿ. ಇವತ್ತಿಗೂ ಅವರ ಬ್ಯಾಗಿಗೆ ಜೀನು ಹೊಲಿಯುವ ಹೊಲಿಗೆಯೇ. ಒಂದು ದಾರ, ಎರಡು ಸೂಜಿ, ಕೈಹೊಲಿಗೆ. ಒಂದು ಬ್ಯಾಗನ್ನ ಒಬ್ಬರೇ ಕೂತು ಹೆಚ್ಚುಕಡಿಮೆ ಶುರುವಿಂದ ಕೊನೆವರೆಗೆ ಮಾಡುತ್ತಾರೆ. ಅವರ ಅತಿ ಹೆಸರುವಾಸಿ ಬ್ಯಾಗು ಬರ್ಕಿನ್. ಅದರ ಕಥೆ ಚೆನ್ನಾಗಿದೆ. 1980ರ ದಶಕದ ಮೊದಲಲ್ಲಿ ಪ್ಯಾರಿಸ್ಸಿಂದ ಲಂಡನ್ನಿಗೆ ಹೋಗುವ ವಿಮಾನದಲ್ಲಿ ನಟಿ, ಗಾಯಕಿ ಜೇನ್ ಬರ್ಕಿನ್ ಪಕ್ಕದಲ್ಲಿ ಕಂಪನಿಯ ಮುಖ್ಯಸ್ಥ ಜಾನ್ ಲೂಯಿ ದ್ಯುಮಾ ಕೂತಿದ್ದ. ಆಕೆಯ ಬ್ಯಾಗಿನ ಸಾಮಾನೆಲ್ಲ ಕೆಳಗೆ ಚೆಲ್ಲಿತು. ಮಕ್ಕಳಿರುವ ತಾಯಿಗೆ ಸರಿಹೋಗುವಂಥ ಒಂದು ಬ್ಯಾಗೂ ಸಿಗಲ್ಲ ಅಂತ ಆಕೆ ಗೊಣಗಿದಳು. ಅಲ್ಲೇ ಕೂತು ಗೆರೆ ಎಳೆದದ್ದು ಆಮೇಲೆ, 1984ರಲ್ಲಿ, ಬರ್ಕಿನ್ ಬ್ಯಾಗ್ ಆಯಿತು. ಮಗುವಿನ ಹಾಲಿನ ಬಾಟಲಿ ಇಡೋಕೆ ಅಂತ ಹುಟ್ಟಿದ ಚೀಲ. ಆಕೆಯೇ ಬಳಸಿ ಸವೆಸಿದ ಆ ಮೊದಲ ಬ್ಯಾಗು 2025ರ ಜುಲೈನಲ್ಲಿ ಪ್ಯಾರಿಸ್ ಹರಾಜಿನಲ್ಲಿ 86 ಲಕ್ಷ ಯೂರೋಗೆ ಹೋಯಿತು.

ಇದನ್ನ ಅಮ್ಮನಿಗೆ ಫೋನಲ್ಲಿ ಹೇಳುವಾಗ "ಎರ್ಮೆಸ್ ಅಂತ ಕಂಪನಿ ಕಣಮ್ಮಾ" ಅಂದರೆ ಆಕೆಗೆ ಕೇಳಿಸಿದ್ದು "ಎಮ್ಮೆ." "ಎಮ್ಮೆ ಚರ್ಮಕ್ಕೆ ಅಷ್ಟೊಂದು ದುಡ್ಡಾ?" ಅಂದಳು.

ನನಗೆ ವಿಚಿತ್ರ ಅನ್ನಿಸಿದ್ದು ಬೆಲೆಯಲ್ಲ. ದುಡ್ಡಿದ್ದರೂ ಕೊಡಲ್ಲ ಅನ್ನೋದು. ನೀವು ಸೀದಾ ಒಳಗೆ ಹೋಗಿ, ಕಾರ್ಡ್ ತೆಗೆದು, "ಒಂದು ಬರ್ಕಿನ್ ಕೊಡಿ" ಅಂದರೆ ಸಿಗಲ್ಲ. ಪ್ಯಾರಿಸ್ಸಿನಲ್ಲಾದರೆ ಹಿಂದಿನ ದಿನವೇ ಅಪಾಯಿಂಟ್‌ಮೆಂಟಿಗೆ ಅರ್ಜಿ ಹಾಕಬೇಕು. ನಮ್ಮ ತತ್ಕಾಲ್ ಬುಕಿಂಗ್ ಇದ್ದ ಹಾಗೆ, ಸಿಕ್ಕರೆ ಸಿಕ್ಕಿತು. ಅಪಾಯಿಂಟ್‌ಮೆಂಟ್ ಸಿಕ್ಕರೂ ಬ್ಯಾಗು ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. ಬೇರೆ ದೇಶಗಳಲ್ಲಿ ಜನ ಹೇಳೋದು ಏನಂದರೆ, ಮೊದಲು ಅದೇ ಅಂಗಡಿಯಲ್ಲಿ ಸ್ಕಾರ್ಫು, ಚಪ್ಪಲಿ, ತಟ್ಟೆ, ಕಂಬಳಿ ಅಂತ ಏನೇನೋ ಕೊಂಡು 'ಒಳ್ಳೇ ಗಿರಾಕಿ' ಅನ್ನಿಸಿಕೊಳ್ಳಬೇಕು, ಆಗ ಒಂದು ದಿನ ಒಳಗಿಂದ ಪೆಟ್ಟಿಗೆ ಬರುತ್ತೆ ಅಂತ. ಇದೇ ವಿಷಯಕ್ಕೆ 2024ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಗಿರಾಕಿಗಳು ಕೋರ್ಟಿಗೇ ಹೋದರು. ಬೇರೆ ಸಾಮಾನು ಕೊಳ್ಳದೆ ಬರ್ಕಿನ್ ಕೊಡಲ್ಲ ಅನ್ನೋದು ಕಾನೂನಿಗೆ ವಿರುದ್ಧ ಅಂತ. ಕಂಪನಿ ಒಪ್ಪಲಿಲ್ಲ. 2025ರಲ್ಲಿ ಕೇಸು ವಜಾ ಆಯಿತು.

ಇದನ್ನ ಓದುವಾಗ ನನಗೆ ನಗು ಬಂತು. ಯಾಕಂದರೆ ಇದು ನನಗೆ ಚಿಕ್ಕಂದಿನಿಂದ ಗೊತ್ತಿರೋ ವ್ಯಾಪಾರ. ಅರಸೀಕೆರೆ ಕಡೆ ಮುಂಗಾರು ಹಿಡಿದ ಮೇಲೆ ಗೊಬ್ಬರದ ಅಂಗಡಿಗೆ ಹೋಗಿ ನೋಡಿ. "ಯೂರಿಯಾ ಬೇಕಾ? ಜೊತೆಗೆ ಈ ಜಿಂಕ್ ಪ್ಯಾಕೆಟ್ಟು ತಗೊಳ್ಳಿ, ಈ ಬಾಟಲಿನೂ ತಗೊಳ್ಳಿ, ಆಗ ಎರಡು ಮೂಟೆ ಕೊಡ್ತೀನಿ." ಅಪ್ಪನಿಗೆ ಬೇಡದ ಬಾಟಲಿಗಳು ನಮ್ಮನೆ ಅಟ್ಟದ ಮೇಲೆ ಇವತ್ತೂ ಸಾಲಾಗಿ ಕೂತಿವೆ. ಪ್ಯಾರಿಸ್ಸಿನ ರೇಷ್ಮೆ ಸ್ಕಾರ್ಫು, ನಮ್ಮೂರ ಜಿಂಕ್ ಪ್ಯಾಕೆಟ್ಟು, ಎರಡರ ಕೆಲಸವೂ ಒಂದೇ.

ಆದರೆ ಒಂದು ವ್ಯತ್ಯಾಸ ಇದೆ. ಅದು ನನಗೆ ಆಗ ಹೊಳೆದಿರಲಿಲ್ಲ. ಅದನ್ನ ಆಮೇಲೆ ಹೇಳ್ತೀನಿ.

ಶನಿವಾರ ಮಧ್ಯಾಹ್ನ ಹೋದೆ. ಅಂಗಡಿ ಮುಂದಿನ ಫುಟ್‌ಪಾತಲ್ಲಿ ಕ್ಯೂ. ಕಪ್ಪು ಸೂಟಿನ ಗಾರ್ಡ್ ಒಬ್ಬ ಹಗ್ಗ ತೆಗೆದು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ಒಬ್ಬ ಗಿರಾಕಿಗೆ ಒಬ್ಬ ಸೇಲ್ಸ್‌ನವರು, ಅವರು ಖಾಲಿಯಾಗೋವರೆಗೆ ನೀವು ಹೊರಗೆ. ತುಂತುರು ಮಳೆ. ಐವತ್ತು ನಿಮಿಷ ನಿಂತೆ. ಸೊಸೈಟಿ ಮುಂದೆ ಯೂರಿಯಾಕ್ಕೆ ಬೆಳಗಿನ ಜಾವವೇ ಚಪ್ಪಲಿ ಸಾಲಾಗಿ ಬಿಟ್ಟು, ದೂರದಲ್ಲಿ ಬೀಡಿ ಸೇದುತ್ತ ಕೂರುವ ನಮ್ಮೂರಿನವರು ನೆನಪಾದರು. ಇಲ್ಲಿ ಚಪ್ಪಲಿ ಬಿಟ್ಟು ಹೋಗುವ ಹಾಗಿರಲಿಲ್ಲ. ನನ್ನ ಮುಂದಿದ್ದ ಇಬ್ಬರ ಚಪ್ಪಲಿಯೇ ನನ್ನ ಒಂದು ತಿಂಗಳ ಇಎಂಐ ಇರಬೇಕು.

ಐವತ್ತು ನಿಮಿಷ ನಿಂತ ಮನುಷ್ಯನ ತಲೆಯೊಳಗೆ ಒಂದು ಲೆಕ್ಕ ಶುರುವಾಗುತ್ತೆ. ನಿಮಗೂ ಆಗಿರುತ್ತೆ. ಇಷ್ಟು ಹೊತ್ತು ಕಾದಿದ್ದೀನಿ, ಇಷ್ಟು ದುಡ್ಡು ತಂದಿದ್ದೀನಿ, ಅಂದಮೇಲೆ ಅವರು ನನಗೆ ಬಾಕಿ ಇದ್ದಾರೆ. ಕಾದಷ್ಟೂ ಬಡ್ಡಿ ಬೆಳೆಯುತ್ತೆ. ಒಳಗೆ ಕಾಲಿಡುವಾಗ ನಾನು ಗಿರಾಕಿ ಆಗಿರಲಿಲ್ಲ, ಸಾಲ ವಸೂಲಿಗೆ ಬಂದವನಾಗಿದ್ದೆ.

ಒಬ್ಬ ಹುಡುಗಿ ಎದುರು ಬಂದಳು. ಕಪ್ಪು ಕೋಟು, ಕೂದಲು ಹಿಂದೆ ಎಳೆದು ಕಟ್ಟಿದ್ದಳು. ನಾನು ಮೊಬೈಲ್ ಮುಂದೆ ಹಿಡಿದು, ಸ್ಕ್ರೀನ್‌ಶಾಟ್ ತೋರಿಸಿ, ಇಂಗ್ಲಿಷಿನಲ್ಲಿ "ಇದು ಬೇಕು, ಕಪ್ಪು ಬಣ್ಣ" ಅಂದೆ.

ಆಕೆ ನಕ್ಕು, "ಬೊಂಜೂರ್, ಮೊಸ್ಯೂ" ಅಂದಳು.

"ಹಾಂ, ಇದು ಇದೆಯಾ?"

"ಬೊಂಜೂರ್, ಮೊಸ್ಯೂ." ಎರಡನೇ ಸಲ. ಅದೇ ನಗು, ಸ್ವಲ್ಪ ನಿಧಾನವಾಗಿ.

ನನಗೆ ಅರ್ಥ ಆಗಲಿಲ್ಲ. ಕಿವುಡಿಯೇನೋ ಅಂದುಕೊಂಡೆ. ನಿಜ ಏನಂದರೆ, ಫ್ರಾನ್ಸಿನಲ್ಲಿ ಬ್ರೆಡ್ ಅಂಗಡಿಗೆ ಹೋದರೂ ಮೊದಲು ಬೊಂಜೂರ್ ಅನ್ನಬೇಕು. ಆಮೇಲೆ ಬ್ರೆಡ್ಡು. ಅಂಗಡಿಯೊಳಗೆ ಕಾಲಿಟ್ಟರೆ ಅವರ ಮನೆಗೆ ಕಾಲಿಟ್ಟ ಹಾಗೆ. ನಮಸ್ಕಾರ ಹೇಳದೆ ನೇರ ಸಾಮಾನು ಕೇಳಿದರೆ ಅದು ಅವಮಾನ. ಆಫೀಸಿನ ಫ್ರೆಂಚ್ ಸಹೋದ್ಯೋಗಿ ಮೊದಲ ವಾರವೇ ಇದನ್ನ ಹೇಳಿಕೊಟ್ಟಿದ್ದ. ನಾನು ಮೀಟಿಂಗಿನಲ್ಲಿ ತಪ್ಪದೆ ಪಾಲಿಸುತ್ತಿದ್ದೆ. ಕ್ಲೈಂಟ್ ಅಲ್ಲವೇ, ಅವರಿಗೆ ಬೊಂಜೂರ್. ಅಂಗಡಿಯ ಹುಡುಗಿಗೆ ಸ್ಕ್ರೀನ್‌ಶಾಟ್.

ಆಕೆ ಒಳಗೆ ಹೋಗಿ ಬಂದು, "ಕ್ಷಮಿಸಿ, ಇವತ್ತು ಇದು ಇಲ್ಲ" ಅಂದಳು. ಬೇರೆ ಎರಡು ತೋರಿಸಲಾ ಅಂತ ಕೇಳಿದಳು.

"ಇದೇ ಬೇಕು. ಇನ್ನೊಂದ್ಸಲ ನೋಡಿ."

"ನೋಡಿದೆ. ಇವತ್ತು ಇಲ್ಲ."

"ಮಳೇಲಿ ಒಂದು ಗಂಟೆ ನಿಂತಿದ್ದೀನಿ." (ಐವತ್ತು ನಿಮಿಷ ಒಂದು ಗಂಟೆ ಆಗಿದ್ದು ಗಮನಿಸಿ.) "ಒಳಗೆ ಇಟ್ಕೊಂಡು ಇಲ್ಲ ಅಂತೀರ ಅನ್ನೋದು ನನಗೆ ಗೊತ್ತು. ಯಾರಿಗೆ ಇಟ್ಟಿದ್ದೀರ ಅದನ್ನ?"

ಆಕೆ ಏನೂ ಹೇಳಲಿಲ್ಲ. ಕೌಂಟರಿನ ಮೇಲಿದ್ದ ಬ್ಯಾಗು ಸುತ್ತುವ ಬಟ್ಟೆಯೊಂದನ್ನ ತೆಗೆದುಕೊಂಡು ಮಡಚುತ್ತಿದ್ದಳು.

ಆಮೇಲೆ ನಾನು ಆ ಮಾತು ಆಡಿದೆ. "ನಾನು ಇಂಡಿಯನ್ ಅಂತ ತಾನೇ?"

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಮಾತು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಇಂಥ ಅಂಗಡಿಗಳು ಮುಖ ನೋಡಿ ಮಣೆ ಹಾಕ್ತವೆ ಅನ್ನೋ ದೂರು ಹಳೆಯದು. 2005ರಲ್ಲಿ ಪ್ಯಾರಿಸ್ಸಿನ ಎರ್ಮೆಸ್ ಅಂಗಡಿ ಬಾಗಿಲು ಹಾಕಿದ ಮೇಲೆ ಹೋದ ಓಪ್ರಾ ವಿನ್‌ಫ್ರೆಯನ್ನ ಒಳಗೆ ಬಿಡದೆ ದೊಡ್ಡ ಗಲಾಟೆಯಾಗಿ, ಅಮೆರಿಕದ ಎರ್ಮೆಸ್ ಮುಖ್ಯಸ್ಥ ಆಕೆಯ ಟಿವಿ ಶೋನಲ್ಲೇ ಕ್ಷಮೆ ಕೇಳಬೇಕಾಯಿತು. 2013ರಲ್ಲಿ ಜ್ಯೂರಿಕ್‌ನ ಇನ್ನೊಂದು ಅಂಗಡಿಯಲ್ಲಿ, "ಅದು ತುಂಬಾ ದುಬಾರಿ" ಅಂತ ಹೇಳಿ ತನಗೆ ಬ್ಯಾಗು ತೋರಿಸಲೇ ಇಲ್ಲ ಅಂತ ಆಕೆ ಹೇಳಿದಳು. ಹಾಗೆ ನಡೆದೇ ಇಲ್ಲ ಅಂತ ಅಂಗಡಿಯಾಕೆ ಹೇಳಿದಳು. ಸ್ವಿಟ್ಜರ್ಲೆಂಡಿನ ಪ್ರವಾಸೋದ್ಯಮ ಇಲಾಖೆಯವರು ಕ್ಷಮೆ ಕೇಳಿದರು. ಅಲ್ಲಿ ಯಾರದು ಸರಿ ಅಂತ ತೀರ್ಪು ಕೊಡೋಕೆ ನಾನು ಯಾರು? ಬಣ್ಣ ನೋಡಿ ಅಳೆಯೋದು ಇದೆ. ನಾನೇ ಬೇರೆ ಕಡೆ ಅನುಭವಿಸಿದ್ದೀನಿ.

ಆದರೆ ಆ ಶನಿವಾರ ಅದು ನಡೆದಿರಲಿಲ್ಲ. ನನ್ನ ಪಕ್ಕದ ಕೌಂಟರಿನಲ್ಲಿ ಒಬ್ಬ ಬಿಳೀ ಹೆಂಗಸು, ಶುದ್ಧ ಫ್ರೆಂಚ್ ಮಾತಾಡುವಾಕೆ, ನನ್ನ ಹಾಗೇ ಏನೋ ಕೇಳಿ, ನನ್ನ ಹಾಗೇ "ಇವತ್ತು ಇಲ್ಲ" ಅನ್ನಿಸಿಕೊಂಡು, "ಮೆರ್ಸಿ, ಒರೆವಾರ್" ಅಂತ ಹೇಳಿ ಹೊರಟುಹೋಗಿದ್ದನ್ನ ನಾನು ಐದು ನಿಮಿಷದ ಹಿಂದೆ ಕಣ್ಣಾರೆ ನೋಡಿದ್ದೆ. ನೋಡಿಯೂ ಆ ಮಾತು ಆಡಿದೆ. ಯಾಕಂದರೆ ಆ ಮಾತಿಗೆ ಅಂಗಡಿಯಲ್ಲಿ ಕೆಲಸ ಮಾಡುವವರು ಹೆದರ್ತಾರೆ ಅಂತ ನನಗೆ ಗೊತ್ತಿತ್ತು. ನಿಜವಾಗಿ ಅವಮಾನ ಆದವರು ಆಡಬೇಕಾದ ಮಾತನ್ನ ನಾನು ಒಂದು ಬ್ಯಾಗಿಗಾಗಿ ಖರ್ಚು ಮಾಡಿದೆ.

ಆಕೆಯ ಮುಖ ಕೆಂಪಾಯಿತು. "ಇಲ್ಲ, ಮೊಸ್ಯೂ" ಅಂದಳು.

"ಮ್ಯಾನೇಜರನ್ನ ಕರಿ."

ಆಕೆ ತಿರುಗಿದಳು. ತಿರುಗುವ ಮೊದಲು ಒಂದು ಕ್ಷಣ ಕೌಂಟರಿನ ಆಚೆ ನನ್ನ ಕಣ್ಣು ಕೆಳಗೆ ಹೋಯಿತು. ಆಕೆ ಎಡಗಾಲಿನ ಶೂ ಇಂದ ಹಿಮ್ಮಡಿ ಹೊರಗೆ ತೆಗೆದು, ಬಲಗಾಲಿನ ಮೇಲೆ ಇಟ್ಟುಕೊಂಡು ನಿಂತಿದ್ದಳು. ಕೈಯಲ್ಲಿ ಬಟ್ಟೆ ಮಡಚುತ್ತ, ಮುಖದಲ್ಲಿ ನಗು ಹಿಡಿದುಕೊಂಡು, ಕೆಳಗೆ ಯಾರಿಗೂ ಕಾಣದ ಹಾಗೆ ಒಂದು ಕಾಲಿಗೆ ರಜೆ ಕೊಟ್ಟು.

ನನಗೆ ಆ ಕಾಲು ಗೊತ್ತಿತ್ತು.

ನಮ್ಮಕ್ಕ ಹಾಸನದ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡ್ತಾಳೆ. ಪಿಯುಸಿ ಮುಗಿಸಿ ಸೇರಿದವಳು, ಮದುವೆ ಆದಮೇಲೂ ಬಿಡಲಿಲ್ಲ. ಮೊದಲ ಸಂಬಳ 2,200 ರೂಪಾಯಿ. ಆ ವರ್ಷಗಳಲ್ಲಿ ನಮ್ಮ ತೆಂಗಿನ ತೋಟ ಒಣಗಿತ್ತು. ಬಿಇ ಎರಡನೇ ವರ್ಷದ ನನ್ನ ಹಾಸ್ಟೆಲ್ ಫೀಸು ಆ ಅಂಗಡಿಯಿಂದಲೇ ಬಂದದ್ದು. ನಾನೂ ಹಾಸನದಲ್ಲೇ ಓದುತ್ತಿದ್ದರಿಂದ ಶನಿವಾರ ಸಂಜೆ ಆಕೆಯ ಅಂಗಡಿಗೆ ಹೋಗಿ ಮೂಲೆಯಲ್ಲಿ ನಿಂತು ಕಾಯೋದು, ಆಮೇಲೆ ಇಬ್ಬರೂ ಸೇರಿ ಊರಿನ ಬಸ್ಸು ಹತ್ತೋದು. ಕೆಲಸದವರಿಗೆ ಕೂರೋಕೆ ಅಲ್ಲಿ ಸ್ಟೂಲಿಲ್ಲ. ಸ್ಟೂಲುಗಳೆಲ್ಲ ಗಿರಾಕಿಗಳಿಗೆ. ಅಕ್ಕ ಹೀಗೇ ನಿಲ್ಲುತ್ತಿದ್ದಳು, ಒಂದು ಚಪ್ಪಲಿ ಬಿಟ್ಟು, ಕಾಲ ಮೇಲೆ ಕಾಲಿಟ್ಟು. ಕೂರೋದು ಅಷ್ಟು ಸಣ್ಣ ವಿಷಯ ಅಂತ ನಾವು ಅಂದುಕೊಳ್ತೀವಿ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕೊಡೋಕೆ ಕಾನೂನನ್ನೇ ತಿದ್ದಬೇಕಾಯಿತು.

2008ರ ಶ್ರಾವಣ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ. ಅಂಗಡಿ ತುಂಬಾ ಜನ. ಒಬ್ಬ ಹೆಂಗಸು ಅಕ್ಕನ ಕೈಲಿ ಮೂವತ್ತು ನಲವತ್ತು ಸೀರೆ ತೆಗೆಸಿದ್ದಳು. ಮೇಲಿನ ಖಾನೆಯಿಂದ, ಕೆಳಗಿನ ಖಾನೆಯಿಂದ, ಗೋಡೌನಿಂದ. ಕೊನೆಗೆ ಯಾವುದೋ ಧಾರಾವಾಹಿಯ ನಟಿ ಉಟ್ಟಿದ್ದ ಬಣ್ಣ ಬೇಕು ಅಂದಳು. ಅಕ್ಕ "ಅದು ಖಾಲಿಯಾಗಿದೆ ಮೇಡಂ, ಸೋಮವಾರ ಬರುತ್ತೆ" ಅಂದಳು. ಆ ಹೆಂಗಸು, "ಇಲ್ಲ ಅಂದ್ರೆ ಏನು? ತೆಗೆಯೋಕೆ ಸೋಮಾರಿತನ ನಿನಗೆ. ಓನರ್‌ನ ಕರಿ" ಅಂತ ಹೇಳಿ ಸೀರೆ ಗುಡ್ಡೆಯನ್ನ ಕೈಯಲ್ಲಿ ನೂಕಿದಳು. ಅರ್ಧ ಸೀರೆ ಈಚೆ ಬಿದ್ದವು. ಓನರ್ ಬಂದು, ಏನು ಎತ್ತ ಅಂತ ಕೇಳದೆ, ಎಲ್ಲರೆದುರು ಅಕ್ಕನಿಗೆ ಬೈದ. ಹೆಂಗಸಿಗೆ ಸಾರಿ ಹೇಳಿ ಕೂಲ್‌ಡ್ರಿಂಕ್ಸ್ ತರಿಸಿದ. ಆಕೆ ಅದನ್ನ ಕುಡಿದು, ಏನೂ ಕೊಳ್ಳದೆ ಹೋದಳು. ಅಕ್ಕ ಬಗ್ಗಿ ಒಂದೊಂದೇ ಸೀರೆ ಎತ್ತಿ ಮಡಚೋಕೆ ಶುರು ಮಾಡಿದಳು. ನಾನು ಮೂಲೆಯಲ್ಲಿ ಮುಷ್ಟಿ ಬಿಗಿಹಿಡಿದು ನಿಂತಿದ್ದೆ. ಓದಿ ಕೆಲಸ ಹಿಡಿದ ಮೇಲೆ ಇಂಥವರಿಗೆಲ್ಲ ಬುದ್ಧಿ ಕಲಿಸ್ತೀನಿ ಅಂತ ಮನಸ್ಸಲ್ಲೇ ಏನೇನೋ ಅಂದುಕೊಂಡೆ. ಇಪ್ಪತ್ತು ವರ್ಷದ ಹುಡುಗನ ಶಪಥ.

ಓದಿದೆ. ಕೆಲಸ ಹಿಡಿದೆ. ಪ್ಯಾರಿಸ್ಸಿಗೆ ಬಂದು, ಆ ಹೆಂಗಸು ಆಡಿದ ಮಾತನ್ನೇ ಇಂಗ್ಲಿಷಿನಲ್ಲಿ ಆಡಿದೆ.

ಮ್ಯಾನೇಜರ್ ಬರೋಕೆ ಮುಂಚೆಯೇ ನಾನು ಅಂಗಡಿಯಿಂದ ಹೊರಗೆ ಬಂದುಬಿಟ್ಟೆ. ಕ್ಷಮೆ ಕೇಳಿ ಬಂದೆ ಅಂತ ಬರೆಯೋಕೆ ಆಸೆ. ಆದರೆ ಕೇಳಲಿಲ್ಲ. ಓಡಿ ಬಂದೆ, ಅಷ್ಟೇ.

ತ್ಯುಯಿಲರಿ ತೋಟದಲ್ಲಿ ಹಸಿರು ಕಬ್ಬಿಣದ ಕುರ್ಚಿಗಳನ್ನ ಹಾಕಿರ್ತಾರೆ. ಮಳೆ ನಿಂತಿತ್ತು. ಒಂದರ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಎಂಟು ಗಂಟೆ. ಎತ್ತಲಿಲ್ಲ. ಅಂಗಡಿಯಲ್ಲಿ ಫೋನ್ ಮುಟ್ಟುವ ಹಾಗಿಲ್ಲ. ಒಂಬತ್ತೂ ಮುಕ್ಕಾಲಿಗೆ, ಮನೆಗೆ ನಡೆದು ಹೋಗುತ್ತಾ, ಆಕೆಯೇ ಮಾಡಿದಳು. ಹಿಂದಿನಿಂದ ಆಟೋ ಸದ್ದು ಬರುತ್ತಿತ್ತು.

ಎಲ್ಲ ಹೇಳಿದೆ. ಬಿಡದೆ ಹೇಳಿದೆ. ಬೈಯಬಹುದು ಅಂದುಕೊಂಡಿದ್ದೆ.

"ಆ ಹುಡುಗಿ ಅತ್ಲಾ?" ಅಂತ ಕೇಳಿದಳು.

"ಇಲ್ಲ ಕಣಕ್ಕ. ಮುಖ ಕೆಂಪಾಯ್ತು ಅಷ್ಟೇ."

"ಗಿರಾಕಿ ಮುಂದೆ ಯಾರೂ ಅಳಲ್ಲ ಕಣೋ. ಒಳಗೆ ಸ್ಟಾಕ್ ರೂಮಿಗೆ ಹೋಗಿ ಅತ್ತಿರ್ತಾಳೆ."

ಇಷ್ಟು ವರ್ಷ ನಾನು ಮೂಲೆಯಲ್ಲಿ ನಿಂತು ನೋಡಿದ್ದು ಅಂಗಡಿಯ ಮುಂಭಾಗ ಮಾತ್ರ ಅಂತ ಆಗ ಗೊತ್ತಾಯಿತು. 2008ರ ಆ ಸಂಜೆ ಸೀರೆ ಮಡಚಿದ ಮೇಲೆ ಅಕ್ಕ "ಒಂದ್ನಿಮಿಷ ಬಂದೆ ಇರು" ಅಂತ ಒಳಗೆ ಹೋಗಿದ್ದು, ಬರುವಾಗ ಮುಖ ತೊಳೆದುಕೊಂಡು ಬಂದಿದ್ದು ನೆನಪಾಯಿತು. ಹಬ್ಬದ ಸೆಖೆ ಅಂದುಕೊಂಡಿದ್ದೆ.

ಸ್ವಲ್ಪ ಹೊತ್ತು ಬಿಟ್ಟು ಅಕ್ಕನೇ ಕೇಳಿದಳು, "ಎಷ್ಟಂತೆ ಆ ಬ್ಯಾಗು?"

"ಏಳು ಲಕ್ಷ."

"ಅಯ್ಯೋ ದೇವ್ರೇ! ಅದ್ರೊಳಗೆ ಏನಿಡ್ತಾರೋ?"

ಈಗ ಆ ವ್ಯತ್ಯಾಸದ ಮಾತಿಗೆ ಬರ್ತೀನಿ. ಯೂರಿಯಾ ಸಿಗದಿದ್ದರೆ ಮುಸುಕಿನ ಜೋಳ ಹಳದಿಯಾಗುತ್ತೆ, ಆ ವರ್ಷದ ಸಾಲ ತೀರಲ್ಲ. ಅಲ್ಲಿ ಸಿಟ್ಟು ಬಂದರೆ ಅದಕ್ಕೊಂದು ಅರ್ಥ ಇದೆ. ಆದರೂ ಅಪ್ಪ ಗೊಬ್ಬರದಂಗಡಿಯಲ್ಲಿ ಬಿಲ್ ಬರೆಯುವ ಹುಡುಗನ ಮೇಲೆ ಒಂದು ದಿನ ಕೂಗಾಡಿದ್ದು ನಾನು ನೋಡಿಲ್ಲ. "ಅವನೇನು ಮಾಡ್ತಾನೆ ಪಾಪ, ಸಾಹುಕಾರ ಹೇಳಿದಂಗೆ ಕೇಳ್ತಾನೆ" ಅನ್ನುತ್ತಿದ್ದ. ಬ್ಯಾಗು ಸಿಗದಿದ್ದರೆ ಯಾರ ಹೊಲವೂ ಒಣಗಲ್ಲ. ಅಲ್ಲಿ ನಾನು ಕೂಗಾಡಿದೆ.

ನಾನು ಅಂಗಡಿಗಳ ಪರ ವಕಾಲತ್ತು ವಹಿಸ್ತಿಲ್ಲ. ಹಗ್ಗ ಕಟ್ಟಿ ಫುಟ್‌ಪಾತಲ್ಲಿ ನಿಲ್ಲಿಸೋದು, ಬೇಕಂತಲೇ ಕಡಿಮೆ ಮಾಡೋದು, ಸಿಗದೇ ಇರೋದಕ್ಕೇ ಬೆಲೆ ಹೆಚ್ಚಿಸೋದು, ಎಲ್ಲ ವ್ಯಾಪಾರದ ಲೆಕ್ಕಾಚಾರವೇ. ಒಳಗೆ ಆ ಬ್ಯಾಗು ಇದ್ದಿರಲೂಬಹುದು, ಹಳೇ ಗಿರಾಕಿಗೆ ಅಂತ ಎತ್ತಿಟ್ಟಿರಲೂಬಹುದು. ಆದರೆ ಎತ್ತಿಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವವಳು ಆ ಹುಡುಗಿ ಅಲ್ಲ. ಕಾಯಿಸೋದು ಕಂಪನಿ, ಬೈಸಿಕೊಳ್ಳೋದು ಕೌಂಟರಿನ ಹುಡುಗಿ. ಮೇಲೆ ಹೇಳಿದ ಕ್ಯಾಲಿಫೋರ್ನಿಯಾ ಕೇಸಿನ ಅರ್ಜಿಯಲ್ಲಿ ಒಂದು ಮಾತಿದೆ. ಬರ್ಕಿನ್ ಮಾರಿದ್ದಕ್ಕೆ ಸೇಲ್ಸ್‌ನವರಿಗೆ ಕಮಿಷನ್ನೇ ಇಲ್ಲ, ಉಳಿದ ಸಾಮಾನಿಗೆ ಮಾತ್ರ ಕಮಿಷನ್ ಅಂತ. ಅದು ಅರ್ಜಿದಾರರು ಹೇಳಿದ್ದು. ಅದು ನಿಜ ಆಗಿದ್ದರೆ, ಜನ ಯಾವ ಬ್ಯಾಗಿಗಾಗಿ ಅವರ ಜೊತೆ ಜಗಳ ಆಡ್ತಾರೋ ಅದರಿಂದ ಅವರಿಗೆ ನಯಾಪೈಸೆ ಇಲ್ಲ.

ಇದು ಪ್ಯಾರಿಸ್ಸಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಹತ್ತು ನಿಮಿಷದಲ್ಲಿ ಬರಬೇಕಾದ ಕೊತ್ತಂಬರಿ ಸೊಪ್ಪು ಹದಿನಾಲ್ಕು ನಿಮಿಷಕ್ಕೆ ಬಂದರೆ ನಾವು ರೇಟಿಂಗ್ ಕೊಡೋದು ಯಾರಿಗೆ? ಹತ್ತು ನಿಮಿಷ ಅಂತ ಮಾತು ಕೊಟ್ಟ ಕಂಪನಿಗಾ, ಮಳೆಯಲ್ಲಿ ಗಾಡಿ ಓಡಿಸಿದ ಹುಡುಗನಿಗಾ? "ಐ ಆಮ್ ಪೇಯಿಂಗ್ ಫಾರ್ ಇಟ್" ಅನ್ನೋ ಮಾತು ಬೆಂಗಳೂರಲ್ಲಿ ನಾನು ದಿನಕ್ಕೆ ಒಂದು ಸಲವಾದರೂ ಕೇಳ್ತೀನಿ. ದುಡ್ಡು ಕೊಟ್ಟದ್ದು ಸಾಮಾನಿಗೆ. ಸಾಮಾನು ತಂದುಕೊಟ್ಟವರ ಮೇಲೆ ಕೂಗಾಡೋ ಹಕ್ಕು ಆ ಬಿಲ್ಲಿನಲ್ಲಿ ಸೇರಿರಲ್ಲ. ಇದು ನನಗೆ ಚೆನ್ನಾಗಿ ಗೊತ್ತಿರಬೇಕಿತ್ತು. ಕ್ಲೈಂಟ್ ಕಾಲಲ್ಲಿ, ನಾನು ಮಾಡದ ತಪ್ಪಿಗೆ, ಕ್ಯಾಮೆರಾ ಆಫ್ ಮಾಡಿ ಮುಖ ಒರೆಸಿಕೊಂಡವನು ನಾನು. ಅದೂ ಒಂದು ಸ್ಟಾಕ್ ರೂಮೇ.

ಮುಂದಿನ ಶನಿವಾರ ಮತ್ತೆ ಹೋದೆ. ಬ್ಯಾಗಿಗಲ್ಲ. ರೂಮ್‌ಮೇಟನಿಗೆ ಆವತ್ತೇ ದುಡ್ಡು ವಾಪಸ್ ಹಾಕಿ, "ಸಿಗಲಿಲ್ಲ ಮಗಾ" ಅಂದಿದ್ದೆ. ಅವನು ಜೋರಾಗಿ ನಕ್ಕು, "ಬಿಡು, ಒಡವೆ ಕೊಡಿಸ್ತೀನಿ" ಅಂದಿದ್ದ. ನಾನು ಯಾವುದಕ್ಕೆ ಅಷ್ಟು ಕೂಗಾಡಿದೆನೋ ಅದು ಅವನಿಗೆ ಅಷ್ಟೇ ಆಗಿತ್ತು.

ಮತ್ತೆ ಕ್ಯೂ. ನಲವತ್ತು ನಿಮಿಷ. ಒಳಗೆ ಹೋದಮೇಲೆ ಮೊದಲು ಎದುರಾದವನಿಗೆ "ಬೊಂಜೂರ್" ಅಂದೆ. ಆ ಹುಡುಗಿ ಆಚೆ ಮೂಲೆಯಲ್ಲಿ ಒಬ್ಬ ಗಿರಾಕಿಗೆ ಪೆಟ್ಟಿಗೆ ಕಟ್ಟಿ ಕೊಡುತ್ತಿದ್ದಳು. ಮುಗಿಯೋವರೆಗೆ ಕಾದೆ.

"ಬೊಂಜೂರ್, ಮದಾಂ. ಹೋದ ವಾರ ನಾನು ನಿಮ್ಮ ಹತ್ತಿರ ತುಂಬಾ ಕೆಟ್ಟದಾಗಿ ಮಾತಾಡಿದೆ. ಕ್ಷಮಿಸಿ" ಅಂದೆ. ಬರುವಾಗ ಮೆಟ್ರೋದಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಫ್ರೆಂಚು.

ಆಕೆ ನನ್ನ ಮುಖವನ್ನ ಒಂದು ಕ್ಷಣ ನೋಡಿದಳು. ನೆನಪು ಮಾಡಿಕೊಳ್ಳೋಕೆ ಪ್ರಯತ್ನ ಪಡ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಆಮೇಲೆ ನಕ್ಕು, "ಪರವಾಗಿಲ್ಲ ಮೊಸ್ಯೂ" ಅಂದಳು. ಆಕೆಗೆ ನಾನು ಯಾರು ಅಂತ ನೆನಪಿರಲಿಲ್ಲ. ನಾನು ಒಂದು ವಾರ ನಿದ್ದೆಗೆಟ್ಟ ಘಟನೆ ಆಕೆಗೆ ನೆನಪೇ ಇರಲಿಲ್ಲ. ಆ ವಾರದಲ್ಲಿ ನನ್ನಂಥವರು ಎಷ್ಟು ಜನ ಬಂದು ಹೋಗಿದ್ದರೋ.

ಊರಿಗೆ ಬಂದ ಮೇಲೆ ತಮ್ಮನ ಮದುವೆ ಜವಳಿ ತೆಗೆಯೋಕೆ ಅಕ್ಕನ ಅಂಗಡಿಗೇ ಹೋದೆವು. ಬೇಕಂತಲೇ ಅಲ್ಲಿಗೆ ಕರೆದುಕೊಂಡು ಹೋದೆ. ಹೋದ ತಕ್ಷಣ ಕೌಂಟರಿನ ಹಿಂದಿದ್ದ ಎಲ್ಲರಿಗೂ ನಮಸ್ಕಾರ ಹೇಳಿ, ಊಟ ಆಯ್ತಾ ಅಂತ ಕೇಳಿದೆ. ಹೆಂಡತಿ, ಏನಾಗಿದೆ ಇವನಿಗೆ ಅನ್ನೋ ಹಾಗೆ ನೋಡಿದಳು. ಎರಡು ಗಂಟೆ ನೋಡಿ ಹನ್ನೊಂದು ಸೀರೆ ಆರಿಸಿದೆವು. ಕೌಂಟರಿನ ಮೇಲೆ ಬೇಡದ ಸೀರೆಗಳ ಗುಡ್ಡೆ. ಅಕ್ಕ ಒಂದು ಕಾಲ ಮೇಲೆ ಇನ್ನೊಂದು ಕಾಲಿಟ್ಟು ನಿಂತಿದ್ದಳು. ನನಗೆ ತಡೆಯಲಿಲ್ಲ. ಒಂದು ಸೀರೆ ಎಳೆದುಕೊಂಡು ಮಡಚೋಕೆ ಶುರು ಮಾಡಿದೆ. ಅಂಚಿಗೆ ಅಂಚು ಸೇರಿಸಿ, ಸೆರಗು ಒಳಗೆ ಹಾಕಿ, ನನಗೆ ತಿಳಿದ ಮಟ್ಟಿಗೆ ನೀಟಾಗಿ.

ಅಕ್ಕ ಪಕ್ಕನೆ ಕೈಯಿಂದ ಕಿತ್ತುಕೊಂಡಳು.

"ಬಿಡೋ ಮಾರಾಯ! ನೀನು ಮಡಚಿದ್ರೆ ನಾನು ಮತ್ತೆ ಬಿಚ್ಚಿ ಮಡಚಬೇಕು. ಹೋಗಿ ಬಿಲ್ ಕಟ್ಟು."

ಹೋಗಿ ಬಿಲ್ ಕಟ್ಟಿದೆ.